ಪಡುವಣ ಗೋಡೆಯ ತೂತುಗಳು

ಯಂಕಪ್ಪನಿಗೆ ಜಯೇಶನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬರಬೇಕಾದರೂ ಎದುರಿನವನಲ್ಲಿ ಒಂದಿಷ್ಟು ಹುರುಳಿರಬೇಕು. ರಾಯಚೂರು ಕಡೆಯಿಂದ ಬಂದು ಮೂವತ್ತೆರಡು ವರ್ಷ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಗೌಂಡಿ ಕೆಲಸ ಮಾಡಿದವನು ಅವನು. ಫ್ಯಾಕ್ಟರಿಗಳ ಪಕ್ಕದ ಎಂಐಡಿಸಿ ವಸತಿ ಭಾಗದ ಹಳೆಯ ಬಂಗಲೆಗಳಲ್ಲಿ ಅವನು ಕೈಯಿಡದ ಗೋಡೆ ಕಡಿಮೆ. ಜಯೇಶನ ಅಪ್ಪ, ಹೋಟೆಲಿನ ಹರಿಶ್ಚಂದ್ರ ಶೆಟ್ಟರು, ಬದುಕಿದ್ದಾಗ ಅವನನ್ನು ಕೇಳದೆ ಒಂದು ಮೊಳೆಯನ್ನೂ ಹೊಡೆಸುತ್ತಿರಲಿಲ್ಲ.

ಮಗನಿಗೆ ಬೇರೆಯೇ ಹುಚ್ಚು. ಮನೆ ಪರಿಸರಸ್ನೇಹಿ ಆಗಬೇಕಂತೆ. ಅದಕ್ಕೆಂದು ಠಾಣೆಯಿಂದ ಕಶ್ಯಪ ಎಂಬ ಆರ್ಕಿಟೆಕ್ಟನನ್ನು ಕರೆತಂದ. ಅವನು ಬರಿಗಾಲಲ್ಲಿ ಅಂಗಳದಲ್ಲಿ ನಿಂತು, ಕಣ್ಣು ಮುಚ್ಚಿ, ಈ ಮನೆಗೆ ಉಸಿರಾಟವೇ ಇಲ್ಲ ಎಂದ. ನಲವತ್ತು ವರ್ಷ ಅಲುಗದ ಸಾಗುವಾನಿ ಬಾಗಿಲು ಕೀಳಿಸಿ ಬಿದಿರಿನದು ಹಾಕಿಸಿದ. ಆ ಬಿದಿರು ಅಸ್ಸಾಮಿನಿಂದ ಲಾರಿಯಲ್ಲಿ ಬಂದಿತ್ತು. ಯಂಕಪ್ಪ ತಂಬಾಕು ಉಗುಳುವ ನೆಪದಲ್ಲಿ ಹೊರಗೆ ಹೋಗಿ ನಕ್ಕು ಬಂದ.

ಆಮೇಲೆ ಪಡುವಣ ಗೋಡೆಯ ಸರದಿ. ಅದನ್ನು ಒಡೆದು ನೆಲದಿಂದ ಸೂರಿನವರೆಗೆ ತೂತಿನ ಇಟ್ಟಿಗೆ ಕಟ್ಟಬೇಕು, ಗಾಳಿಯಾಡಿದರೆ ಎಸಿಯೇ ಬೇಡ ಎಂದ ಕಶ್ಯಪ.

"ಸಾಹೇಬ್ರ, ಇಲ್ಲಿ ಮೊದಲು ದೊಡ್ಡ ಕಿಟಕಿ ಇತ್ರಿ. ನಿಮ್ಮ ಅಪ್ಪಾರು ಹೇಳಿ ನಾನ ಮುಚ್ಚೀನಿ. ದೀಪಾವಳಿ ಆದಮ್ಯಾಲ ಸಂಜಿಗೆ ಫ್ಯಾಕ್ಟರಿ ಕಡಿಂದ ಗಾಳಿ ತಿರಗತದ, ನಾತ ಬಡದು ಕಣ್ಣು ಉರಿತಾವ."

ಕಶ್ಯಪ ಅವನ ಹೆಗಲು ತಟ್ಟಿದ. "ಕಾಕಾ, ಟೆನ್ಶನ್ ಮತ್ ಲೋ."

ಜಯೇಶ ಲ್ಯಾಪ್‌ಟಾಪಿನಲ್ಲಿ ನೀಲಿ ಬಾಣಗಳ ಚಿತ್ರ ತೋರಿಸಿದ. "ನೋಡು ಯಂಕಪ್ಪ, ಹವಾ ಹೀಗೆ ಬಂದು ಹೀಗೆ ಹೋಗ್ತದೆ."

ಬಾಣಕ್ಕೆಲ್ಲಿಯ ವಾಸನೆ ಎಂದುಕೊಂಡು ಯಂಕಪ್ಪ ಸುತ್ತಿಗೆ ಎತ್ತಿಕೊಂಡ. ಒಡೆದ, ಹೇಳಿದ ಹಾಗೇ ಕಟ್ಟಿದ, ಒಂದು ಸಾಲೂ ಸೊಟ್ಟಗಾಗದಂತೆ. ಮನೆ ಮೂರ್ಖರದಾದರೂ ಕೆಲಸ ತನ್ನದು. ಹೊರಡುವಾಗ ಜಯೇಶನ ತಾಯಿ ಪ್ರಫುಲ್ಲಾರಿಗೆ, "ಅಮ್ಮಾರ, ನಿಮ್ಮ ಹಾಸಿಗಿ ಮೂಡಣ ಖೋಲಿಗೆ ಹಾಕಿಸ್ಕೋರಿ" ಎಂದಷ್ಟೇ ಹೇಳಿದ. ಉಬ್ಬಸವಿದ್ದ ಅವರು ಅಂದೇ ಹಾಕಿಸಿಕೊಂಡರು.

ದೀಪಾವಳಿಯ ನಂತರದ ಭಾನುವಾರ ಮನೆ ನೋಡಲು ಮೂವತ್ತು ಮೂವತ್ತೈದು ಜನ ಬಂದರು. ಪ್ರತಿಯೊಬ್ಬರಿಗೂ ಬಟ್ಟೆಯ ಚೀಲ, ಅದರಲ್ಲಿ ತುಳಸಿ ಬೀಜ. ಕಶ್ಯಪ ಮನೆಯ ಉಸಿರಾಟದ ಬಗ್ಗೆ ಭಾಷಣ ಶುರುಮಾಡಿದ. ಸಂಜೆ ಆರಕ್ಕೆ ಗಾಳಿ ತಿರುಗಿತು. ಕೊಳೆತ ಮೊಟ್ಟೆಯ ಮೇಲೆ ಆಸಿಡ್ ಸುರಿದಂಥ ವಾಸನೆ ನೂರಾರು ತೂತುಗಳಿಂದ ನುಗ್ಗಿತು. ಮೊದಲು ಕೆಮ್ಮಿದವನು ಕಶ್ಯಪನೇ. ಜನ ಚೀಲವನ್ನೇ ಮೂಗಿಗೊತ್ತಿಕೊಂಡು ಗೇಟಿನತ್ತ ಓಡಿದರು.

ಮಾರನೆಯ ಬೆಳಗ್ಗೆ ಜಯೇಶನ ಫೋನ್ ಬಂತು. ಯಂಕಪ್ಪ ಪಕ್ಕದ ಠಾಕುರ್ಲಿಯ ತನ್ನ ಮನೆಯಿಂದ ಅವಸರವಿಲ್ಲದೆ ಬಂದ.

"ನೀನು ಸ್ವಲ್ಪ ಗಟ್ಟಿಯಾಗಿ ಹೇಳ್ಬೇಕಿತ್ತು" ಎಂದ ಜಯೇಶ.

ಯಂಕಪ್ಪ ಗೋಡೆಗೆ ಅಳತೆಯ ಟೇಪು ಹಿಡಿದ. ಒಳಗಿನಿಂದ ಪ್ರಫುಲ್ಲಾ, "ಅವರು ಹೇಳಿದ್ದು ಅಡಿಗೆಮನೆಯಲ್ಲಿದ್ದ ನನಗೆ ಕೇಳಿತ್ತಲ್ಲ ಮಾರಾಯ, ಪಕ್ಕದಲ್ಲಿದ್ದ ನಿನಗೆ ಕೇಳ್ಲಿಲ್ವಾ?" ಎಂದರು.

ಗೋಡೆ ಮುಚ್ಚಲು ಮೂರು ದಿನ ಹಿಡಿಯಿತು. ಆಮೇಲೆ ಜಯೇಶ ಎರಡು ಎಸಿ, ಗಾಳಿ ಶುದ್ಧಮಾಡುವ ಒಂದು ಯಂತ್ರ ತರಿಸಿದ. ಹಗಲಿಡೀ ಅವು ಗುರುಗುಟ್ಟುತ್ತವೆ. 'ಹಸಿರು ಮನೆ' ಎಂಬ ಫಲಕವನ್ನು ಮಾತ್ರ ಅವನು ತೆಗೆಸಿಲ್ಲ.

ತಿಂಗಳ ಮೇಲೆ ಕಶ್ಯಪ ಫೋನ್ ಮಾಡಿ, ವಾಶಿಯಲ್ಲೂ ಇಂಥದ್ದೊಂದು ಹಳೆಯ ಮನೆಯಿದೆ, ಬಾ ಎಂದ. ಆ ವಾರ ಯಂಕಪ್ಪನಿಗೆ ಕೆಲಸವಿರಲಿಲ್ಲ. ಆದರೂ ಬಿಡುವಿಲ್ಲ ಎಂದುಬಿಟ್ಟ.

"ಯಾಕ ಬ್ಯಾಡಂದ್ರಿ?" ಎಂದಳು ಹೆಂಡತಿ ಸಾಬವ್ವ.

"ಒಡದು ಕಟ್ಟೂದು, ಕಟ್ಟಿ ಒಡಿಯೂದು. ಹೇಸಿಕಿ ಬರ್ತದ."

"ಹಂಗಿದ್ರ ಕುಂತಲ್ಲೇ ಹೇಸಬ್ಯಾಡ್ರಿ. ನಳದಾಗ ನೀರು ಬಂದದ."

ಯಂಕಪ್ಪ ಕೊಡ ಎತ್ತಿಕೊಂಡು ಎದ್ದ.