ಪಾರ್ಕಿಂಗಿನ್ಯಾಗ ಕೂಸು ನಾನ

ದೋಸ್ತರ, ಇವತ್ತ ಫೆಲ್ಥಮ್ಮಿನ ಸೂಪರ್‌ಮಾರ್ಕೆಟ್ಟಿನ್ಯಾಗ ಮಾನ ಕಳಕೊಂಡು ಬಂದೇನಿ.

ಮಳಿ ಹತ್ತಿತ್ತು. ಬಾಗಲ ಹಂತ್ಯಾಕ, ಸಣ್ಣ ಮಕ್ಕಳನ್ನ ಕರಕೊಂಡು ಬರೋ ಅಪ್ಪ-ಅವ್ವಗಳ ಸಲುವಾಗಿ 'ಪೇರೆಂಟ್ ಅಂಡ್ ಚೈಲ್ಡ್' ಅಂತ ಬರದು ಇಟ್ಟ ಪಾರ್ಕಿಂಗ್ ಒಂದು ಖಾಲಿ ಇತ್ತು. ಗಾಡಿ ಹಚ್ಚಿಬಿಟ್ಟೆ. ಹಿಂದ ಬಂದ ಹೆಣ್ಣಮಗಳು ಕಾರಿನ ಗ್ಲಾಸ್ ಇಳಿಸಿ, "ನಿಮ್ಮ ಚೈಲ್ಡ್ ಎಲ್ಲಿ?" ಅಂದ್ಲು. ಬಾಜೂಕ ಕುಂತ ನಮ್ಮವ್ವನ್ನ ತೋರಿಸಿ, "ಪೇರೆಂಟ್ ಇಕಿ, ಚೈಲ್ಡ್ ನಾನ" ಅಂದೆ.

ಆಕಿ ನಗಲಿಲ್ಲ. ತನ್ನ ಕಾರ್ ದೂರ ಎರಡು ಗಾಡಿ ನಡುವ ನಿಂದರಿಸಿ, ಬಾಗಲ ಪೂರಾ ತೆಗಿಯಾಕ ಆಗದ, ಕೂಸಿನ ಸೀಟ್ ಎಳಿಯಾಕ ಮಳಿಯಾಗ ಒದ್ದಾಡಾಕ ಹತ್ತಿದ್ಲು.

"ಏನಂದ್ಲೋ ಆಕಿ?" ಅಂತ ಇಂಗ್ಲಿಷ್ ಬರದ ಅವ್ವ ಕೇಳಿದ್ಲು. ನನ್ನ ಜೋಕ್ ಭಾಳ ಹೆಮ್ಮಿಲೆ ಹೇಳಿದೆ. ಅವ್ವನೂ ನಗಲಿಲ್ಲ.

"ಕೂಸು ಅಂದಿ ಅಲ್ಲ, ಹಂಗಾದ್ರ ಹೇಳಿದ್ದ ಕೇಳು. ಛತ್ರಿ ತಗೊಂಡು ಹೋಗಿ ಆಕಿಗೆ ಹಿಡಿ. ಸಾರಿ ಅನ್ನು. ಆಮ್ಯಾಲೆ ಗಾಡಿ ತೆಗಿ."

ಹೋದೆ. ಛತ್ರಿ ಹಿಡದು, ತಲಿ ತಗ್ಗಿಸಿ ಸಾರಿ ಅಂದೆ.

"ಮಮ್ಮಿ ಕಳಿಸಿದ್ರೇನು?" ಅಂತ ಕೇಳಿದ್ಲು.

ಹೂಂ ಅಂದೆ.

ಐವತ್ತೆರಡು ವಯಸ್ಸು ನನಗ. ಆ ಜಾಗಾಕ್ಕ ಖರೇನ ಲಾಯಕ್ ಆದೆ ನೋಡ್ರಿ, ಗಾಡಿ ತೆಗಿಯೂ ಹೊತ್ತಿಗೆ.