ವೇದವತಿ ಡಾಕ್ಟ್ರ ಮೆಟ್ಟಿಲು ತಪಾಸಣೆ

೨೦೧೧ರ ಮೇ ತಿಂಗಳ ಒಂದು ಬೆಳಿಗ್ಗೆ, ಕೆನಡಾದ ಬರ್ಲಿಂಗ್ಟನ್ನಿನಲ್ಲಿ ಯಾರದೋ ಮನೆಯೆದುರು ಮಂಡಿಯೂರಿ ಕೂತ ವೇದವತಿ, ಕಲ್ಲಿನ ಮೆಟ್ಟಿಲ ಮೇಲೆ ರಸಮಟ್ಟ ಇಟ್ಟು ನೋಡುತ್ತಿದ್ದಾಗ ಬಾಗಿಲು ತೆರೆಯಿತು.

"ಏನಾದ್ರೂ ಕಳಕೊಂಡ್ರಾ?" ಎಂದ ಯಜಮಾನ, ಬಾತ್‌ರೋಬು ಬಿಗಿದುಕೊಳ್ಳುತ್ತ.

ಮೆಟ್ಟಿಲು ನೋಡಿಹೋಗಲು ಫೋನಿನಲ್ಲಿ ಅನುಮತಿ ಕೊಟ್ಟವರದು ನಲವತ್ತೆರಡನೇ ನಂಬರು. ಇದು ಇಪ್ಪತ್ನಾಲ್ಕು. ಅವರನ್ನು ಕರೆತಂದು ಕಾರಿನಲ್ಲೇ ಕೂತಿದ್ದ ಪಕ್ಕದ ಮನೆಯ ನಾನು ತಲೆ ತಗ್ಗಿಸಿದೆ. ಡಾಕ್ಟ್ರು ತಗ್ಗಿಸಲಿಲ್ಲ.

"ನಿಮ್ಮದು ಅರ್ಧ ಇಂಚು ವಾಲಿದೆ. ಕಟ್ಟಿದ್ದು ಯಾರು?"

"ನನ್ನ ಭಾವಮೈದುನ."

"ಹಾಗಾದ್ರೆ ಏನೂ ಮಾಡೋ ಹಾಗಿಲ್ಲ," ಎಂದು ಎದ್ದರು.

ವೇದವತಿ ನಿವೃತ್ತ ಅರಿವಳಿಕೆ ತಜ್ಞೆ. ಪೂರ್ವಚರಿತ್ರೆ ಕೇಳದೆ ಯಾರಿಗೂ ಸೂಜಿ ಚುಚ್ಚಿದವರಲ್ಲ. ಎಚ್ಚರ ತಪ್ಪಿದ್ದು ಒಮ್ಮೆ ಮಾತ್ರ: ಕನ್ನಡ ಸಂಘದ ಚಂದ್ರಹಾಸರು "ನಮ್ಮವನೇ" ಎಂದು ಕಳಿಸಿದವನಿಗೆ ಮುಂಬಾಗಿಲ ಮೆಟ್ಟಿಲು ಒಪ್ಪಿಸಿದಾಗ. ಅವನ ಊರು, ಅಜ್ಜನ ಹೆಸರು, ಎಲ್ಲ ವಿಚಾರಿಸಿದ್ದರು, ಹೆಣ್ಣು ಕೊಡುವವರ ಹಾಗೆ. ಅಡಿಪಾಯ ವಿಚಾರಿಸಿರಲಿಲ್ಲ. ಮೊದಲ ಚಳಿಗಾಲಕ್ಕೇ ಮೆಟ್ಟಿಲು ಕುಸಿದು, ಡಾಕ್ಟ್ರು ಬಿದ್ದು ಮಣಿಕಟ್ಟು ಮುರಿಯಿತು.

"ಅಮ್ಮಾ, one more fall, ಮನೆ ಮಾರಿ ಕಾಂಡೋ ಫ್ಲ್ಯಾಟಿಗೆ," ಎಂದ ನಾರ್ತ್ ಯಾರ್ಕಿನ ಮಗ ರಂಜಿತ್. ಅಮ್ಮನಿಗೆ ಮೂವತ್ತು ವರ್ಷದ ಮನೆ ಬಿಡುವ ಇರಾದೆ ಇರಲಿಲ್ಲ.

ಚಂದ್ರಹಾಸರು ಇನ್ನೊಬ್ಬ 'ನಮ್ಮವ'ನನ್ನು ಕಳಿಸಿದರು, ಶ್ರೀನಾಥ.

"ಕೆಲಸಗಾರರ ವಿಮೆ ಕಾಗದ ತೋರ್ಸಪ್ಪ. ಮೂರು ಚಳಿಗಾಲ ಕಂಡ ಕೆಲಸದ ವಿಳಾಸ ಕೊಡು."

"ಫೋಟೋ ಇದೆ ಆಂಟಿ. ನಮ್ಮವ್ರ ಮೇಲೇ ನಂಬಿಕೆ ಇಲ್ವಾ?"

"ಇದೆ. ಆದ್ರೆ ಮೆಟ್ಟಿಲು ನಿಲ್ಲೋದು ಜಲ್ಲಿ ಮೇಲೆ."

ಸಂಜೆಗೆ ಚಂದ್ರಹಾಸರ ಫೋನು: "ಎಂತ ಡಾಕ್ಟ್ರೇ, ನಮ್ಮ ಹುಡುಗನನ್ನು ಕಳ್ಳನ ಹಾಗೆ ವಿಚಾರಿಸಿದಿರಂತೆ ಮಾರ್ರೆ!"

"ಕಳ್ಳರನ್ನ ಪೊಲೀಸರು ನೋಡ್ಕೋತಾರೆ. ನಾನು ನನ್ನ ಇನ್ನೊಂದು ಕೈ ನೋಡ್ಕೋತಿದೀನಿ."

ಸಂಘದಲ್ಲಿ ಗುಸುಗುಸು ಎದ್ದಿತು. ಕೇಳಿದ ಕಾಗದ, ವಿಳಾಸ ಎರಡನ್ನೂ ಕೊಟ್ಟವನು ಒಬ್ಬ ಪೋರ್ಚುಗೀಸ್ ಮೇಸ್ತ್ರಿ; ಅವನ ಹಳೇ ಕೆಲಸ ನೋಡಲು ಡಾಕ್ಟ್ರು ಆ ಬೆಳಿಗ್ಗೆ ರಸಮಟ್ಟ ಚೀಲಕ್ಕೆ ಹಾಕಿಕೊಂಡು ಹೊರಟೇ ಬಿಟ್ಟರು.

ನಲವತ್ತೆರಡನೇ ನಂಬರಿನಾಕೆ ಹೇಳಿದಳು: "ಎರಡನೇ ಮೆಟ್ಟಿಲು ಸ್ವಲ್ಪ ಕೂತಿತ್ತು. ಒಂದೇ ಫೋನಿಗೆ ಬಂದು ಕಿತ್ತು ಮತ್ತೆ ಕಟ್ಟಿಕೊಟ್ಟ." ಕೆಲಸ ಆ ಪೋರ್ಚುಗೀಸ್ ಮುದುಕನಿಗೆ ಹೋಯಿತು. ಆತ ನೆಲ ಹೆಪ್ಪುಗಟ್ಟುವ ಆಳ ದಾಟಿ ನಾಲ್ಕಡಿ ಅಗೆದ; ಡಾಕ್ಟ್ರು ಟೇಪು ಹಿಡಿದು ಅಳೆದರು. ರಂಜಿತ್ ಬಂದು ಪ್ರತಿ ಮೆಟ್ಟಿಲ ಮೇಲೂ ಕುಣಿದು ನೋಡಿ, ಕಾಂಡೋ ಮಾತು ಬಿಟ್ಟ.

೨೦೧೪ರ ಸಂಘದ ಪಿಕ್‌ನಿಕ್ಕಿನಲ್ಲಿ ಚಂದ್ರಹಾಸರೇ ಸೋತು ಕೇಳಿದರು: "ಮೂರು ಚಳಿಗಾಲ ಆಯ್ತಲ್ಲ ಡಾಕ್ಟ್ರೇ, ಹತ್ತಿ ಇಳಿಯಲಿಕ್ಕೆ ಹೇಗುಂಟು ಆ ಮೆಟ್ಟಿಲು?"

"ಯಾರಿಗ್ಗೊತ್ತು?" ಎಂದರು ವೇದವತಿ, ಚಿತ್ರಾನ್ನ ಬಡಿಸಿಕೊಳ್ಳುತ್ತ. "ನಾನು ಓಡಾಡೋದು ಗರಾಜಿಂದ."