ಲ್ಯಾಬಿನ ಬೀಗಕ್ಕೆ ಕೊಬ್ಬರಿ ಎಣ್ಣೆ

ಕೇಳ್ರಪ್ಪಾ, ಆನ್‌ಲೈನ್ ಎಂಎಸ್ಸಿ ಅಂದ್ರೆ ನನಗೆ ಮೊದಲಿಂದಲೂ ಅನುಮಾನ. ಮೂಗಿಗೆ ಆಸಿಡ್ ವಾಸನೆ ಹೊಡೀದೇ ಅದೆಂಥ ಕೆಮಿಸ್ಟ್ರಿ ಅಂತ ಹಟ ಮಾಡಿ ಮಗಳು ವೀಣಾನ ಕಡೂರಿನ ಕಾಲೇಜಿಗೇ ಸೇರಿಸಿದೆ. ದಿನಾ ಸಖರಾಯಪಟ್ಟಣದಿಂದ ಬಸ್ಸಲ್ಲಿ ನಿಂತ್ಕೊಂಡೇ ಹೋಗ್ತಾಳೆ.

ಇವತ್ತು ಅಲ್ಲಿ ಪೇರೆಂಟ್ಸ್ ಮೀಟಿಂಗ್. ಅವಳ ಮೇಷ್ಟ್ರು ನನ್ನ ಕೈ ಕುಲುಕಿ, "ಒಳ್ಳೆ ಕೆಲಸ ಮಾಡಿದ್ರಿ ಸಾರ್. ಆನ್‌ಲೈನಲ್ಲಿ ಲ್ಯಾಬ್ ಎಲ್ಲಿ ಸಿಗುತ್ತೆ?" ಅಂದ್ರು.

"ಹಾಗಾದ್ರೆ ಒಂದ್ಸಲ ನಿಮ್ಮ ಲ್ಯಾಬ್ ತೋರಿಸಿ" ಅಂದೆ.

ಕೀ ಏನೋ ಬಂತು, ಆದ್ರೆ ಬೀಗ ತುಕ್ಕು ಹಿಡಿದು ಕೂತಿತ್ತು. ಅಟೆಂಡರ್ ಕೊಬ್ಬರಿ ಎಣ್ಣೆ ಬಿಟ್ಟ, ಆಮೇಲೆ ಕಲ್ಲು ತಗೊಂಡು ಕುಟ್ಟಿದ. ಊಹೂಂ, ಜಗ್ಗಲಿಲ್ಲ.

"ಮಳೆ ಜಾಸ್ತಿ ಅಲ್ವಾ ಸಾರ್, ಅದಕ್ಕೇ ತುಕ್ಕು" ಅಂದ್ರು ಮೇಷ್ಟ್ರು. ಕಡೂರಿಗೆ ಮಳೆ ಯಾವಾಗ ಬಂತೋ ನಾ ಕಾಣೆ. ವೀಣಾ ನೆಲ ನೋಡ್ತಾ ನಿಂತಿದ್ದಳು.

ವಾಪಸ್ ಬರ್ತಾ ಬಸ್ಸಲ್ಲಿ ಕೇಳಿದೆ: "ಹೋದ ತಿಂಗಳು ಪ್ರಾಕ್ಟಿಕಲ್ಸ್ ಚೆನ್ನಾಗಾಯ್ತು ಅಂದಿದ್ದೆಯಲ್ಲಮ್ಮಾ, ಎಲ್ಲಿ ಮಾಡಿದ್ರಿ?"

"ಕ್ಲಾಸಲ್ಲೇ ಅಪ್ಪ. ಸರ್ ವಿಡಿಯೋ ಕಳಿಸ್ತಾರೆ, ಮೊಬೈಲಲ್ಲಿ ನೋಡ್ಕೊಂಡು ಬರೀತೀವಿ."

ಅಂದ್ರೆ ನನ್ನ ಮಗಳು ದಿನಾ ಬಸ್ಸಲ್ಲಿ ನಿಂತ್ಕೊಂಡು ಹೋಗಿ ಆನ್‌ಲೈನ್ ಓದಿ ಬರ್ತಿದ್ದಾಳೆ ಕಣ್ರೀ.